ಫ್ರಿಜ್‌ನ ಐಸ್ ಮೇಕರ್ ಕೈಕೊಟ್ಟರೆ ಮೊದಲು ಟ್ಯಾಂಕಿನ ಎತ್ತರ ಅಳೆಯಿರಿ

ನೀರಿನ ಲೈನ್ ಜೋಡಿಸುವ ದೊಡ್ಡ ಫ್ರಿಜ್‌ಗಳಲ್ಲಿ ಐಸ್ ಬರದಿದ್ದರೆ ಎಲ್ಲರೂ ಮೊದಲು ಅನುಮಾನಿಸುವುದು ಐಸ್ ಮೇಕರನ್ನೇ. ಸರ್ವಿಸ್‌ನವರು ಬಂದು ಅದನ್ನು ಬದಲಾಯಿಸಿ ಹೋಗುತ್ತಾರೆ, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ನಮ್ಮ ಊರುಗಳ ಮನೆಗಳಲ್ಲಿ ತಪ್ಪು ಬಹುಪಾಲು ಫ್ರಿಜ್‌ನ ಹೊರಗಡೆಯೇ ಇರುತ್ತದೆ: ನೀರಿನ ಒತ್ತಡ ಸಾಲದು, ನೀರು ಗಡಸು, ಇಲ್ಲವೇ ಕರೆಂಟ್ ಸರಿಯಿಲ್ಲ. ಬಿಡಿಭಾಗಕ್ಕೆ ದುಡ್ಡು ಸುರಿಯುವ ಮುಂಚೆ ಈ ಮೂರನ್ನೂ ಅಳೆದು ನೋಡುವುದು ಹೇಗೆ ಎಂಬುದೇ ಇಲ್ಲಿರುವ ವಿಷಯ.

ನಿಮ್ಮ ಫ್ರಿಜ್ ಯಾವ ಬಗೆಯದು ಎಂದು ಮೊದಲು ತಿಳಿದುಕೊಳ್ಳಿ. ಕೈಯಿಂದ ತಿರುಚಿ ಐಸ್ ಉದುರಿಸುವ ಟ್ರೇ ಇದ್ದರೆ ಈ ಬರಹ ನಿಮಗೆ ಬೇಕಿಲ್ಲ, ಅದರಲ್ಲಿ ಕೆಡುವಂಥದ್ದು ಹೆಚ್ಚೇನೂ ಇಲ್ಲ. ಎರಡನೆಯದು ಒಳಗೇ ಒಂದು ನೀರಿನ ಡಬ್ಬಿ ಇದ್ದು, ನಾವೇ ತುಂಬಿಸಬೇಕಾದ ಬಗೆ. ಇದಕ್ಕೆ ಮನೆಯ ಒತ್ತಡದ ಹಂಗಿಲ್ಲ. ಡಬ್ಬಿ ಸರಿಯಾಗಿ ಕೂತಿಲ್ಲದಿರುವುದು, ಅದರ ಸಣ್ಣ ಪಂಪಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು, ಗಡಸು ನೀರಿನ ಹೆಕ್ಕಳೆ ಕಟ್ಟುವುದು, ಹೆಚ್ಚೆಂದರೆ ಇಷ್ಟು. ಡಬ್ಬಿ ತೆಗೆದು ತೊಳೆದು, ತುಂಬಿಸಿ, ಗಟ್ಟಿಯಾಗಿ ಒತ್ತಿ ಕೂರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೂರನೆಯದು ಹಿಂಬದಿಯಿಂದ ಕಾಲಿಂಚು ಪೈಪ್ ಬರುವ ಬಗೆ. ತಲೆನೋವೆಲ್ಲ ಇದರದ್ದೇ.

ಒತ್ತಡದ ಲೆಕ್ಕ

ಇಂಥ ಫ್ರಿಜ್‌ಗಳ ಕೈಪಿಡಿಯಲ್ಲಿ ನೀರಿನ ಒತ್ತಡ ಕನಿಷ್ಠ 20 ಪಿಎಸ್‌ಐ (ಒತ್ತಡದ ಏಕಮಾನ), ಕೆಲವದರಲ್ಲಿ 30, ಗರಿಷ್ಠ 120ರ ಆಸುಪಾಸು ಎಂದು ಬರೆದಿರುತ್ತದೆ. ಬೀದಿಯ ಲೈನಿನಲ್ಲೇ ಸದಾ ಒತ್ತಡ ಇರುವ ದೇಶಗಳಲ್ಲಿ ಇದು ದೊಡ್ಡ ಮಾತಲ್ಲ. ನಮ್ಮಲ್ಲಿ ನೀರು ಸಂಪಿಗೆ ಬಿದ್ದು, ಮೋಟರಿನಿಂದ ತಾರಸಿಯ ಟ್ಯಾಂಕ್ ಹತ್ತಿ, ಅಲ್ಲಿಂದ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹೀಗೆ ಇಳಿಯುವ ನೀರಿಗೆ ಪ್ರತಿ ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 1.4 ಪಿಎಸ್‌ಐ.

ಒಂದೇ ಅಂತಸ್ತಿನ ಮನೆಯಲ್ಲಿ ಫ್ರಿಜ್‌ನ ಇನ್‌ಲೆಟ್‌ನಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ 4 ಮೀಟರ್ ಇದ್ದರೆ ಒತ್ತಡ 6 ಪಿಎಸ್‌ಐ ಕೂಡ ಆಗುವುದಿಲ್ಲ. ಎರಡು ಅಂತಸ್ತಿನ ಮನೆಯ ನೆಲಮಹಡಿಯಲ್ಲಿ 7 ಮೀಟರ್ ಸಿಕ್ಕರೆ 10. ಕನಿಷ್ಠ 20 ಬೇಕೆಂದರೆ ಟ್ಯಾಂಕ್ 14 ಮೀಟರ್ ಮೇಲಿರಬೇಕು. ಅಪಾರ್ಟ್‌ಮೆಂಟ್‌ಗಳಲ್ಲಿ ಕೆಳಗಿನ ಮಹಡಿಯವರಿಗೆ ಐಸ್ ಸಲೀಸಾಗಿ ಬಂದು, ಟ್ಯಾಂಕಿನ ಕೆಳಗೇ ಇರುವ ಮೇಲಿನ ನಾಲ್ಕು ಮಹಡಿಯವರು ಪರದಾಡುವುದು ಇದಕ್ಕೇ. ಕಟ್ಟಡಕ್ಕೆ ಪ್ರೆಷರ್ ಪಂಪ್ ವ್ಯವಸ್ಥೆ ಇದ್ದರೆ ಮಾತು ಬೇರೆ.

ಒತ್ತಡ ಕಡಿಮೆಯಾದರೆ ಆಗುವ ತೊಂದರೆ ಒಂದಲ್ಲ, ಎರಡು. ಫ್ರಿಜ್‌ನ ಹಿಂದಿರುವ ಇನ್‌ಲೆಟ್ ವಾಲ್ವ್ ಅನೇಕ ಮಾಡೆಲ್‌ಗಳಲ್ಲಿ ಗೊತ್ತುಪಡಿಸಿದ ಕೆಲವೇ ಸೆಕೆಂಡು ತೆರೆದಿರುತ್ತದೆ, ಅಷ್ಟರಲ್ಲಿ ಬಂದಷ್ಟೇ ನೀರು. ಧಾರೆ ಸಣ್ಣದಾದರೆ ಐಸ್ ಕಟ್ಟುವ ಅಚ್ಚು ಅರ್ಧ ತುಂಬುತ್ತದೆ. ಎರಡನೆಯದು ಹಲವರಿಗೆ ಹೊಳೆಯುವುದೇ ಇಲ್ಲ: ಆ ವಾಲ್ವಿನೊಳಗಿನ ರಬ್ಬರ್ ಪೊರೆ ಬಿಗಿಯಾಗಿ ಮುಚ್ಚಿಕೊಳ್ಳುವುದೂ ನೀರಿನ ಒತ್ತಡದಿಂದಲೇ. ಒತ್ತಡ ಸಾಲದಿದ್ದರೆ ಪೂರ್ತಿ ಮುಚ್ಚದೆ ತೊಟ್ಟಿಕ್ಕುತ್ತದೆ, ಆ ಹನಿ ಫ್ರೀಜರ್‌ನೊಳಗಿನ ಪೈಪಿನ ಬಾಯಲ್ಲಿ ಹೆಪ್ಪುಗಟ್ಟಿ ಮುಂದಿನ ನೀರಿಗೆ ದಾರಿ ಕಟ್ಟುತ್ತದೆ. ಹೊಸ ಐಸ್ ಮೇಕರ್ ಹಾಕಿದರೂ ಹದಿನೈದು ದಿನಕ್ಕೆ ನಿಲ್ಲುವುದರ ಗುಟ್ಟು ಇದು.

ಒತ್ತಡ ಅಳೆಯಲು 0–10 ಬಾರ್ ಗೇಜನ್ನು ಟೀ ಜಾಯಿಂಟ್ ಜೊತೆ ಫ್ರಿಜ್‌ನ ಲೈನಿಗೇ ಹಾಕಿಸಿ. 1 ಬಾರ್ ಎಂದರೆ 14.5 ಪಿಎಸ್‌ಐ. ನೀರು ನಿಂತಿರುವಾಗ ನೋಡಿದ ಅಂಕಿ ನಂಬಬೇಡಿ, ಡಿಸ್ಪೆನ್ಸರ್‌ನಿಂದ ನೀರು ಹಿಡಿಯುತ್ತಿರುವಾಗ ನೋಡಿ. ನಿಂತಾಗ 2 ಬಾರ್ ತೋರಿಸಿ, ಹರಿಯುವಾಗ ಅರ್ಧ ಬಾರ್‌ಗೆ ಕುಸಿದರೆ ದಾರಿಯಲ್ಲೆಲ್ಲೋ ಕಟ್ಟಿಕೊಂಡಿದೆ. ಗೇಜ್ ಇಲ್ಲದವರು 200 ಮಿಲಿ ಲೋಟ ಹಿಡಿದು ಗಡಿಯಾರ ನೋಡಬಹುದು. 10–12 ಸೆಕೆಂಡಿನಲ್ಲಿ ತುಂಬಿದರೆ ಚಿಂತೆಯಿಲ್ಲ, 20 ದಾಟಿದರೆ ನೀರಿನ ಕಡೆಯೇ ಹುಡುಕಬೇಕು. ಬಳಿಕ ಫಿಲ್ಟರ್ ತೆಗೆದು, ಫ್ರಿಜ್ ಜೊತೆ ಬಂದ ಬೈಪಾಸ್ ಮುಚ್ಚಳ ಹಾಕಿ ಮತ್ತೆ ಹಿಡಿಯಿರಿ. ಧಾರೆ ಜೋರಾದರೆ ಫಿಲ್ಟರ್ ಕಟ್ಟಿದೆ ಎಂದರ್ಥ. ಕಂಪನಿಗಳು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬದಲಿಸಿ ಎನ್ನುತ್ತವೆ. ಬೋರ್‌ವೆಲ್, ಟ್ಯಾಂಕರ್ ನೀರಿದ್ದಲ್ಲಿ ಅದು ಅಷ್ಟು ದಿನ ಬಾಳುವುದು ಕಷ್ಟ.

ಒತ್ತಡ ಏರಿಸಲು ಇಡೀ ಮನೆಗೆ ಪ್ರೆಷರ್ ಪಂಪ್ ಹಾಕಿಸಿದರೆ ಫ್ರಿಜ್ ಲೈನಿಗೆ ಪ್ರತ್ಯೇಕವಾಗಿ ಒಂದು ಪ್ರೆಷರ್ ರೆಡ್ಯೂಸರ್ ಹಾಕಿ 3 ಬಾರ್ ಸುಮಾರಿಗೆ ಹೊಂದಿಸುವುದು ಒಳ್ಳೆಯದು. ಪಂಪ್ ಆನ್–ಆಫ್ ಆಗುವಾಗಿನ ಹೊಡೆತಕ್ಕೆ ಪೈಪ್ ಒತ್ತಿ ಕೂರಿಸುವ ಪುಷ್ ಜಾಯಿಂಟ್‌ಗಳು ಸಡಿಲವಾಗಿ ನಡುರಾತ್ರಿ ಅಡುಗೆಮನೆ ಕೆರೆಯಾಗುವುದುಂಟು.

ಆರ್‌ಒದಿಂದ ಲೈನ್ ಎಳೆದಿದ್ದರೆ

ಗೋಡೆಗೆ ನೇತುಹಾಕುವ ಮಾಮೂಲಿ ಆರ್‌ಒ ಪ್ಯೂರಿಫೈಯರ್‌ನಿಂದಲೇ ಫ್ರಿಜ್‌ಗೆ ಲೈನ್ ಕೊಡಿ ಎಂದು ಹೇಳುವವರು ಬಹಳ. ಉದ್ದೇಶ ಸರಿಯೇ, ಆದರೆ ಅದರ ಶೇಖರಣೆ ತೊಟ್ಟಿಗೆ ಒತ್ತಡವೇ ಇಲ್ಲ. ಆರ್‌ಒ ಒಳಗೆ 24 ವೋಲ್ಟ್ ಬೂಸ್ಟರ್ ಪಂಪ್ ಇದೆಯಲ್ಲ ಎಂದು ಪ್ಲಂಬರ್‌ಗಳೇ ವಾದಿಸುತ್ತಾರೆ. ಆ ಪಂಪ್ ನೀರನ್ನು ಮೆಂಬ್ರೇನ್ (ಸೋಸುವ ಪೊರೆ) ದಾಟಿಸಲಿಕ್ಕೆ ಮಾತ್ರ. ದಾಟಿದ ನೀರು ತೊಟ್ಟಿಗೆ ಹನಿಹನಿಯಾಗಿ ಬೀಳುತ್ತದೆ, ಅಲ್ಲಿಗೆ ಅದರ ಬಲ ಮುಗಿಯಿತು.

ಇದಕ್ಕೆ ಎರಡು ದಾರಿ. ಒಂದು, ಸಿಂಕಿನ ಕೆಳಗೆ ಕೂರುವ, ಒಳಗೆ ರಬ್ಬರ್ ಚೀಲವಿರುವ ಪ್ರೆಷರ್ ಟ್ಯಾಂಕಿನ ಆರ್‌ಒ. ಖಾಲಿ ಟ್ಯಾಂಕಿನಲ್ಲಿ ಗಾಳಿ 7–8 ಪಿಎಸ್‌ಐ ಇರಬೇಕು, ತುಂಬಿದಾಗ ಒತ್ತಡ 35–40ರವರೆಗೆ ಏರುತ್ತದೆ. ನೀರು ಖರ್ಚಾದ ಹಾಗೆ ಇಳಿಯುತ್ತದೆ, ಹಾಗಾಗಿ ಮಧ್ಯಾಹ್ನ ಐಸ್ ದಪ್ಪ, ರಾತ್ರಿ ಊಟದ ಹೊತ್ತಿಗೆ ತೆಳ್ಳಗೆ ಎಂಬಂತಾಗಬಹುದು. ಇನ್ನೊಂದು, ಆರ್‌ಒ ಮತ್ತು ಫ್ರಿಜ್ ನಡುವೆ ಪ್ರೆಷರ್ ಸ್ವಿಚ್ ಇರುವ ಸಣ್ಣ ಡಯಾಫ್ರಂ ಪಂಪ್. ಫ್ರಿಜ್ ನೀರು ಕೇಳಿದಾಗ ಒತ್ತಡ ಇಳಿದು ತಾನಾಗಿ ಓಡುತ್ತದೆ, ತುಂಬಿದಾಗ ನಿಲ್ಲುತ್ತದೆ. ನೀರು ಮುಗಿದಾಗ ಬರಿದೇ ಓಡದಂತೆ ಹಿಂದೆ ಒಂದು ಲೋ ಪ್ರೆಷರ್ ಸ್ವಿಚ್ಚನ್ನೋ ತೊಟ್ಟಿಯಲ್ಲೊಂದು ಫ್ಲೋಟನ್ನೋ ಹಾಕಿಸಲೇಬೇಕು.

ಆರ್‌ಒ ನೀರನ್ನೇ ಕೊಡುವುದಾದರೆ ಫ್ರಿಜ್‌ನ ಸ್ವಂತ ಫಿಲ್ಟರ್ ಬಿಟ್ಟು ಬೈಪಾಸ್ ಹಾಕಬಹುದು, ಅಷ್ಟರಮಟ್ಟಿಗೆ ತಡೆ ಕಡಿಮೆಯಾಗುತ್ತದೆ. ಬೈಪಾಸ್‌ಗೆ ಅವಕಾಶ ಇದೆಯೇ ಎಂದು ಕೈಪಿಡಿ ನೋಡಿ. ಬೋರ್‌ವೆಲ್, ಟ್ಯಾಂಕರ್ ನೀರು ನೇರ ಕೊಡುವುದಂತೂ ಬೇಡ. ಫ್ರಿಜ್‌ನ ಕಾರ್ಬನ್ ಫಿಲ್ಟರ್ ಕ್ಲೋರಿನ್, ವಾಸನೆ ತೆಗೆದೀತು, ರೋಗಾಣು ಕೊಲ್ಲುವ ಹೊಣೆ ಅದರದ್ದಲ್ಲ. ಐಸ್ ಆದ ಮಾತ್ರಕ್ಕೆ ಕ್ರಿಮಿ ಸಾಯುವುದಿಲ್ಲ.

ಕೂರಿಸುವಾಗಲೇ ನೋಡಬೇಕಾದ್ದು

ಸೈಡ್ ಬೈ ಸೈಡ್ ಫ್ರಿಜ್ ಖಾಲಿಯಿದ್ದಾಗಲೇ ನೂರು ಕಿಲೋ ಆಸುಪಾಸು ಇರುತ್ತದೆ, ಒಬ್ಬರೇ ಎಳೆಯಬೇಡಿ. ಮಲಗಿಸಿ ತಂದಿದ್ದರೆ ಕಂಪ್ರೆಸರ್‌ನ ಎಣ್ಣೆ ಹಿಂದಿರುಗಲು ಹಲವು ಗಂಟೆ ನೆಟ್ಟಗೆ ನಿಲ್ಲಿಸಿಯೇ ಪ್ಲಗ್ ಹಾಕಬೇಕು. ಹಿಂದೆ, ಪಕ್ಕದಲ್ಲಿ ಸುಮಾರು 5 ಸೆಂ.ಮೀ. ಗಾಳಿಗೆ ಬಿಡಿ. ಅಳತೆ ಮಾಡೆಲ್‌ಗೊಂದು ಥರ, ಕೈಪಿಡಿಯದ್ದೇ ಕೊನೆಯ ಮಾತು. ಮುಂದಿನ ಕಾಲು ಹಿಂದಿನದಕ್ಕಿಂತ ಕೂದಲೆಳೆ ಎತ್ತರವಿದ್ದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಎಡ–ಬಲ ಮಟ್ಟಸವಾಗಿರಲೇಬೇಕು, ವಾಲಿದರೆ ಅಚ್ಚಿನ ಒಂದು ತುದಿ ತುಂಬಿ ಚೆಲ್ಲುತ್ತದೆ, ಇನ್ನೊಂದು ತುದಿ ಬರಿದಾಗಿರುತ್ತದೆ. ಲೆವೆಲ್ ಪಟ್ಟಿ ಇಟ್ಟು ನೋಡಿ, ಕಣ್ಣಂದಾಜು ಬೇಡ.

ರೇಟಿಂಗ್ ಪಟ್ಟಿಯಲ್ಲಿ ಹವಾಮಾನ ವರ್ಗ ಇರುತ್ತದೆ. ‘ಎನ್’ ಎಂದರೆ 32 ಡಿಗ್ರಿವರೆಗೆ, ‘ಎಸ್‌ಟಿ’ 38ರವರೆಗೆ, ‘ಟಿ’ 43ರವರೆಗಿನ ಕೋಣೆಗೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ‘ಟಿ’ ಬಿಟ್ಟು ಬೇರೆ ಆಯ್ಕೆಯಿಲ್ಲ. ವಿದೇಶದಿಂದ ವಾಪಸ್ ಬರುವವರು ಹಡಗಿಗೆ ಹಾಕಿ ತಂದ ಫ್ರಿಜ್‌ಗಳಲ್ಲಿ ಇದನ್ನೂ, ವೋಲ್ಟೇಜ್ ಅನ್ನೂ ಮೊದಲು ಓದಬೇಕು. ಅಮೆರಿಕದ್ದು 115 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸೀತು, ಹರ್ಟ್ಸ್ ಬದಲಿಸಲಾರದು.

ಪೈಪ್ ಹೊಸದೇ ಆಗಿರಲಿ. ತುದಿಯನ್ನು ಪೈಪ್ ಕಟರ್‌ನಿಂದ ನೇರ ಕತ್ತರಿಸಿ, ಪುಷ್ ಜಾಯಿಂಟ್‌ನ ತಳ ಮುಟ್ಟುವವರೆಗೆ ಒತ್ತಿ, ಆಮೇಲೆ ಎಳೆದು ಪರೀಕ್ಷಿಸಿ. ಓರೆಯಾಗಿ ಕತ್ತರಿಸಿದರೆ ಸೋರಿಕೆ ಖಾತ್ರಿ. ಟೆಫ್ಲಾನ್ ಟೇಪ್ ಸ್ಕ್ರೂ ಮರೆ (ಥ್ರೆಡ್) ಇರುವ ಕಡೆ ಮಾತ್ರ. ಫ್ರಿಜ್ ಮುಂದೆಳೆಯಲು ಅನುಕೂಲವಾಗುವಂತೆ ಹಿಂದೆ ಒಂದೆರಡು ಮೀಟರ್ ಪೈಪ್ ಸುರುಳಿ ಬಿಡಿ, ಆದರೆ ಎಲ್ಲೂ ಮಡಚಿಕೊಳ್ಳಬಾರದು. ಇಲಿ ಕಾಟವಿರುವ ಮನೆಯಲ್ಲಿ ಪ್ಲಾಸ್ಟಿಕ್ ಪೈಪ್ ಬಿಟ್ಟು ಸ್ಟೀಲ್ ಹೆಣಿಗೆಯದು ಹಾಕಿಸಿ. ಫ್ರಿಜ್ ಸರಿಸದೆಯೇ ಕೈಗೆ ಸಿಗುವ ಜಾಗದಲ್ಲಿ ನೀರು ನಿಲ್ಲಿಸುವ ಒಂದು ಆಂಗಲ್ ಕಾಕ್ ಬೇಕೇಬೇಕು. ಇರುವ ಪೈಪಿಗೆ ಸೂಜಿ ಚುಚ್ಚಿ ಕೂರಿಸುವ ಸ್ಯಾಡಲ್ ವಾಲ್ವ್ ಬೇಡ, ಅದರ ತೂತು ಚಿಕ್ಕದು, ಬೇಗ ಕಟ್ಟುತ್ತದೆ.

ಪೈಪನ್ನು ಫ್ರಿಜ್‌ಗೆ ಸಿಕ್ಕಿಸುವ ಮುಂಚೆ ಒಂದೆರಡು ಬಕೆಟ್ ನೀರು ಹೊರಗೆ ಹರಿಸಿ. ಹೊಸ ಲೈನಿನ ಪ್ಲಾಸ್ಟಿಕ್ ಚೂರು, ಟ್ಯಾಂಕಿನ ತಳದ ಮಣ್ಣು ವಾಲ್ವಿನ ಜಾಲರಿಗೆ ಬಂದು ಕೂರುವುದು ಇಲ್ಲಿ ತಪ್ಪುತ್ತದೆ. ಫಿಲ್ಟರ್ ಹಾಕಿದ ಮೇಲೆ ಡಿಸ್ಪೆನ್ಸರ್‌ನಿಂದ ಹತ್ತು ಲೀಟರಿನಷ್ಟು ಚೆಲ್ಲಿ. ಮೊದಲ ಐಸ್‌ಗೆ 24 ಗಂಟೆ ಕಾಯಬೇಕು, ಮೊದಲ ಎರಡು ಮೂರು ಸಲದ್ದನ್ನು ತಿನ್ನಬೇಡಿ.

ಐಸ್ ಬೀಳುತ್ತಲೇ ಇಲ್ಲ

ಮೊದಲು ಪುಕ್ಕಟೆ ಪರೀಕ್ಷೆಗಳು. ಪ್ಯಾನೆಲ್‌ನಲ್ಲಿ ‘ಐಸ್ ಆಫ್’ ಆಗಿದೆಯೇ? ಐಸ್ ಡಬ್ಬಿಯ ಮೇಲಿನ ತಂತಿ ಕೈ ಮೇಲಕ್ಕೆ ಎತ್ತಿಕೊಂಡಿದೆಯೇ? ಅದು ಮೇಲಿದ್ದರೆ ಡಬ್ಬಿ ತುಂಬಿದೆಯೆಂದೇ ಯಂತ್ರ ತಿಳಿಯುತ್ತದೆ, ಒಂದು ಐಸ್ ತುಂಡು ಅಡ್ಡ ಸಿಕ್ಕಿದರೂ ಸಾಕು. ಡಬ್ಬಿ ಪೂರ್ತಿ ಒಳಕ್ಕೆ ಕೂತಿದೆಯೇ? ದೀಪ ಉರಿದು, ಪ್ಯಾನೆಲ್ ಮಿನುಗಿ, ತಂಪೇ ಇಲ್ಲದಿದ್ದರೆ ಅಂಗಡಿಯ ಡೆಮೊ ಮೋಡ್ ಹಾಗೇ ಉಳಿದಿರಬಹುದು.

ಆಮೇಲೆ ಚಳಿ. ಫ್ರೀಜರ್ ಥರ್ಮಾಮೀಟರನ್ನು ಪ್ಯಾಕೆಟ್‌ಗಳ ನಡುವೆ ಒಂದು ರಾತ್ರಿ ಇಡಿ, ಮೈನಸ್ 18 ಆಸುಪಾಸು ಇರಬೇಕು. ಮೈನಸ್ 10ಕ್ಕಿಂತ ಮೇಲಿದ್ದರೆ ಅಚ್ಚಿನ ಸೆನ್ಸರ್ ನೀರು ಹೆಪ್ಪುಗಟ್ಟಿತೆಂದು ಒಪ್ಪುವುದೇ ಇಲ್ಲ, ಐಸ್ ಉದುರುವುದಿಲ್ಲ. ಆಗ ತಪ್ಪು ಬಾಗಿಲಿನ ರಬ್ಬರ್, ಕಂಡೆನ್ಸರ್ ಧೂಳು, ಫ್ಯಾನ್ ಕಡೆಗೆ ಹೋಗುತ್ತದೆ. ಬಾಗಿಲಿಗೆ ನೋಟು ಸಿಕ್ಕಿಸಿ ಎಳೆಯಿರಿ, ತಡೆಯೇ ಇಲ್ಲದೆ ಜಾರಿದರೆ ಅಲ್ಲಿ ರಬ್ಬರ್ ಹಿಡಿಯುತ್ತಿಲ್ಲ.

ಚಳಿಯೂ ಸರಿ, ಡಿಸ್ಪೆನ್ಸರ್ ನೀರೂ ಜೋರು ಎಂದಾದರೆ ಐಸ್ ಮೇಕರ್‌ನ ಟೆಸ್ಟ್ ಬಟನ್ ಒತ್ತಿ ಹಿಡಿಯಿರಿ. ಎಷ್ಟು ಸೆಕೆಂಡು, ಬಟನ್ ಎಲ್ಲಿ ಎಂಬುದು ಮಾಡೆಲ್‌ಗೆ ಬಿಟ್ಟದ್ದು. ಅಚ್ಚು ತಿರುಗಿ, ಮರಳಿ ಬಂದು, ನೀರು ಬೀಳಬೇಕು. ಬಿದ್ದ ನೀರನ್ನು ಅಳೆಯಲು ಸಾಧ್ಯವಾದರೆ ಅಳೆಯಿರಿ: ಎಂಟು ತುಂಡಿನ ಅಚ್ಚುಗಳಲ್ಲಿ ಒಂದು ಸಲಕ್ಕೆ 100ರಿಂದ 140 ಮಿಲಿ ಸಾಮಾನ್ಯ.

ತಿರುಗಲೇ ಇಲ್ಲವೆಂದರೆ ಮೋಟರ್ ಅಥವಾ ಬೋರ್ಡ್, ಅದು ಸರ್ವಿಸ್‌ನವರ ಕೆಲಸ. ತಿರುಗಿತು, ಹಿಂದಿನಿಂದ ‘ಗುಂಯ್’ ಸದ್ದೂ ಬಂತು, ನೀರಿಲ್ಲ ಎಂದರೆ ವಾಲ್ವಿಗೆ ಕರೆಂಟ್ ಬರುತ್ತಿದೆ, ನೀರಿನ ದಾರಿ ಕಟ್ಟಿದೆ. ಸದ್ದೇ ಇಲ್ಲದಿದ್ದರೆ ವಾಲ್ವಿನ ಕಾಯಿಲ್ ಸುಟ್ಟಿರಬಹುದು, ಇಲ್ಲವೇ ಅಲ್ಲಿಗೆ ಸಿಗ್ನಲ್ ಹೋಗುತ್ತಿಲ್ಲ. ಪ್ಲಗ್ ತೆಗೆದು, ಕನೆಕ್ಟರ್ ಕಳಚಿ, ಮಲ್ಟಿಮೀಟರ್‌ನಲ್ಲಿ ಕಾಯಿಲ್‌ನ ರೆಸಿಸ್ಟೆನ್ಸ್ ನೋಡಿದಾಗ ಯಾವ ಅಂಕಿಯೂ ಬಾರದಿದ್ದರೆ ಕಾಯಿಲ್ ಕಡಿದಿದೆ. ವಾಲ್ವ್ ಬದಲಿಸುವಾಗ ಮೇಲಿನ ವೋಲ್ಟೇಜ್ ಓದಿ. ಕೆಲವು 230 ವೋಲ್ಟ್ ಎಸಿ, ಕೆಲವು 12 ವೋಲ್ಟ್ ಡಿಸಿ. ಅದಲು ಬದಲಾದರೆ ಹೊಸದೂ ಹೋಗುತ್ತದೆ, ಬೋರ್ಡೂ ಹೋದೀತು.

ಪೈಪಿನ ಬಾಯಿ ಹೆಪ್ಪುಗಟ್ಟಿದರೆ

ಡಿಸ್ಪೆನ್ಸರ್‌ನಲ್ಲಿ ನೀರು ಬರುತ್ತದೆ, ವಾಲ್ವ್ ಸದ್ದೂ ಕೇಳುತ್ತದೆ, ಅಚ್ಚು ಮಾತ್ರ ಒಣ. ಅಚ್ಚಿನ ಮೇಲೆ ಬಂದು ನಿಲ್ಲುವ ಪೈಪಿನ ತುದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಬಿಳಿ ಬಿರಡೆ ಕಾಣುತ್ತದೆ. ಪ್ಲಗ್ ತೆಗೆದು, ಆಂಗಲ್ ಕಾಕ್ ಮುಚ್ಚಿ, ಡಬ್ಬಿ ಹೊರತೆಗೆದು, ಕೆಳಗೆ ಟವೆಲ್ ಹಾಸಿ. ಸೂಜಿ ಇಲ್ಲದ ಸಿರಿಂಜ್‌ನಿಂದ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ ಕರಗುತ್ತದೆ, ಕುದಿಯುವ ನೀರು ಬೇಡ. ಅವಸರವಿಲ್ಲದವರು ಬಾಗಿಲು ತೆರೆದಿಟ್ಟು ಬಿಟ್ಟರೂ ಆದೀತು. ಚಾಕು, ಸ್ಕ್ರೂಡ್ರೈವರ್ ಹತ್ತಿರ ತರಬೇಡಿ.

ಕರಗಿಸಿದಲ್ಲಿಗೆ ಕೆಲಸ ಮುಗಿಯದು, ವಾಲ್ವ್ ತೊಟ್ಟಿಕ್ಕುತ್ತಿದೆಯೇ ಎಂದು ತಿಳಿಯಬೇಕು. ಅಚ್ಚು ಕಳಚಲು ಬರುವ ಮಾಡೆಲ್ ಆದರೆ ಕಳಚಿ, ಐಸ್ ಮೇಕರ್ ಆಫ್ ಮಾಡಿ, ಕಾಕ್ ತೆರೆದು, ಪೈಪಿನ ಬಾಯಿಯ ಕೆಳಗೆ ಒಂದು ಬಟ್ಟಲಿಟ್ಟು ರಾತ್ರಿ ಕಳೆಯಿರಿ. ಬೆಳಿಗ್ಗೆ ಬಟ್ಟಲಲ್ಲಿ ಅಥವಾ ಬಾಯಲ್ಲಿ ಐಸ್ ಕಂಡರೆ ವಾಲ್ವ್ ಮುಚ್ಚುತ್ತಿಲ್ಲ. ಕಾರಣ ಒಂದೋ ಒಳಗೆ ಸಿಕ್ಕ ಮರಳಕಣ, ಒಂದೋ ಮೇಲೆ ಹೇಳಿದ ಒತ್ತಡದ ಕೊರತೆ. ಗೇಜ್ 20 ಪಿಎಸ್‌ಐಗಿಂತ (ಸುಮಾರು 1.4 ಬಾರ್) ಕೆಳಗಿದ್ದರೆ ವಾಲ್ವ್ ಬದಲಿಸುವುದು ವ್ಯರ್ಥ, ಮೊದಲು ಒತ್ತಡ ಸರಿಮಾಡಿ. ಒತ್ತಡ ಸರಿಯಿದ್ದೂ ತೊಟ್ಟಿಕ್ಕಿದರೆ ವಾಲ್ವ್ ಬದಲಿಸಿ, ಹಿಂದೊಂದು ಮಣ್ಣು–ಮರಳು ತಡೆಯುವ ಸೆಡಿಮೆಂಟ್ ಫಿಲ್ಟರ್ ಹಾಕಿಸಿ.

ಐಸ್ ಬರುತ್ತದೆ, ಸರಿಯಾಗಿಲ್ಲ

ಚಿಕ್ಕ, ತೆಳು, ಟೊಳ್ಳು ತುಂಡುಗಳೆಲ್ಲ ಬಹುಮಟ್ಟಿಗೆ ನೀರಿನ ಕೊರತೆಯ ಗುರುತು. ಫಿಲ್ಟರ್, ಕಾಕ್, ಮಡಚಿದ ಪೈಪ್, ಒತ್ತಡ, ಈ ಕ್ರಮದಲ್ಲಿ ನೋಡಿ. ತುಂಡುಗಳು ಒಂದಕ್ಕೊಂದು ಅಂಟಿ ಹಾಳೆಯಂತೆ ಬಂದರೆ ನೀರು ಹೆಚ್ಚಾಗಿದೆ, ಅಥವಾ ಫ್ರಿಜ್ ವಾಲಿದೆ.

ಡಬ್ಬಿಯೊಳಗೆ ಎಲ್ಲ ಸೇರಿ ಒಂದೇ ಗಡ್ಡೆಯಾಗುವುದು ಬೇರೆ ವಿಷಯ. ಕರೆಂಟ್ ಹೋಗಿ ಬಂದಾಗ ಅರ್ಧ ಕರಗಿ ಮತ್ತೆ ಕಟ್ಟಿಕೊಂಡಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಐಸ್ ಬೀಳುವ ಕಿಂಡಿಯ ಮುಚ್ಚಳ ಸರಿಯಾಗಿ ಕೂರದಿದ್ದರೆ ಒದ್ದೆ ಗಾಳಿ ನುಗ್ಗಿಯೂ ಹೀಗಾಗುತ್ತದೆ. ಗಡ್ಡೆಯಿರುವಾಗ ಡಿಸ್ಪೆನ್ಸರ್ ಒತ್ತುತ್ತಾ ಹೋದರೆ ಐಸ್ ತಳ್ಳುವ ಸುರುಳಿಯ ಮೋಟರ್ ಸುಡಬಹುದು. ಡಬ್ಬಿ ಹೊರತಂದು ಸಿಂಕಿನಲ್ಲಿ ಬೋರಲು ಹಾಕಿ, ಒಣಗಿಸಿ ಇಡಿ. ಐಸ್ ಮೇಕರ್ ಚಾಲೂ ಇರುವಾಗ ಒಳಗೆ ಬೆರಳು ಹಾಕಬೇಡಿ. ಉದುರಿಸುವ ಹಲ್ಲು ಯಾವಾಗ ತಿರುಗುವುದೋ ಗೊತ್ತಾಗದು, ಕೆಲವದರಲ್ಲಿ ಅಚ್ಚಿನ ಕೆಳಗೆ ಹೀಟರ್ ಕೂಡ ಇರುತ್ತದೆ.

ಐಸ್ ಕರಗಿದ ಲೋಟದ ತಳದಲ್ಲಿ ಬಿಳಿ ಪುಡಿ ಉಳಿದರೆ ಅದು ಹೆಚ್ಚಾಗಿ ಗಡಸು ನೀರಿನ ಕ್ಯಾಲ್ಸಿಯಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕಾರ್ಬನ್ ಫಿಲ್ಟರ್ ಇದನ್ನು ತಡೆಯುವುದಿಲ್ಲ, ಆರ್‌ಒ ಅಥವಾ ಸಾಫ್ಟ್‌ನರ್ ಬೇಕು.

ವಾಸನೆಯ ದೂರು ಬಂದರೆ ಫಿಲ್ಟರ್ ಹಳತಾಗಿದೆಯೇ ನೋಡಿ, ಆಮೇಲೆ ಫ್ರಿಜ್‌ನೊಳಗೆ ಕಣ್ಣಾಡಿಸಿ. ಮುಚ್ಚದ ಬೆಳ್ಳುಳ್ಳಿ ಚಟ್ನಿ, ಹುಳಿಬಂದ ದೋಸೆ ಹಿಟ್ಟು, ಹಲಸಿನ ತೊಳೆ: ಐಸ್ ಇವೆಲ್ಲದರ ಘಮವನ್ನೂ ಹೀರುತ್ತದೆ.

ನೆಲದ ಮೇಲೆ ನೀರು

ಆಂಗಲ್ ಕಾಕ್ ಮುಚ್ಚಿ, ಐಸ್ ಮೇಕರ್ ಆಫ್ ಮಾಡಿ, ನೆಲ ಒರೆಸಿ ಒಂದು ದಿನ ಬಿಡಿ. ನೀರು ಬರುವುದು ನಿಂತರೆ ಲೈನ್ ಅಥವಾ ಜಾಯಿಂಟ್ ಸೋರುತ್ತಿದೆ. ಮುಚ್ಚಿದರೂ ಬಂದರೆ ಡಿಫ್ರಾಸ್ಟ್ ನೀರು (ಫ್ರಿಜ್ ತಾನಾಗಿ ಕರಗಿಸಿದ ಹಿಮದ ನೀರು) ಇಳಿಯುವ ಕೊಳವೆ ಕಟ್ಟಿ, ಅದು ತಟ್ಟೆಗೆ ಹೋಗದೆ ಹೊರಗೆ ಹರಿಯುತ್ತಿದೆ. ಊರಿಗೆ ಹೋಗುವಾಗ ಕಾಕ್ ಮುಚ್ಚಿ, ಐಸ್ ಮೇಕರ್ ಆಫ್ ಮಾಡಿ, ಡಬ್ಬಿ ಖಾಲಿ ಮಾಡಿ ಹೋಗಿ.

ಕರೆಂಟ್ ಮತ್ತು ಗ್ಯಾಸ್

ಇನ್ವರ್ಟರ್ ಕಂಪ್ರೆಸರ್ ಇದೆ, ಸ್ಟೆಬಿಲೈಸರ್ ಬೇಡ ಎನ್ನುತ್ತಾರೆ. ಕಂಪ್ರೆಸರ್ ಮಟ್ಟಿಗೆ ಅದು ನಿಜವಿರಬಹುದು. ಹಳ್ಳಿಯ ಲೈನಿನಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ 160ಕ್ಕೆ ಇಳಿದರೆ ಕಂಪ್ರೆಸರ್ ಓಡುತ್ತಲೇ ಇರುತ್ತದೆ, 230 ವೋಲ್ಟಿನ ನೀರಿನ ವಾಲ್ವ್ ಮಾತ್ರ ತೆರೆಯದೇ ಹೋಗಬಹುದು. ಹಗಲು ಐಸ್ ಇಲ್ಲ, ರಾತ್ರಿ ಇದೆ ಎಂಬ ಮನೆಯಲ್ಲಿ ಮೊದಲು ವೋಲ್ಟೇಜ್ ಅಳೆಯಬೇಕು. ಮನೆಯ ಯುಪಿಎಸ್‌ಗೆ ಫ್ರಿಜ್ ಹಾಕುವುದಾದರೆ ಅದು ಪ್ಯೂರ್ ಸೈನ್ ವೇವ್ ಇರಲಿ, ಡಿಫ್ರಾಸ್ಟ್ ಹೀಟರ್‌ನ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಾಕೆಟ್ ಅರ್ಥಿಂಗ್ ಇರುವ ಪ್ರತ್ಯೇಕದ್ದೇ ಬೇಕು, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಲೈನಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇರಲಿ, ನೀರೂ ಕರೆಂಟೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ ಇದು. ಆರ್‌ಸಿಸಿಬಿ ಹಲವು ಗಂಟೆಗಳ ಅಂತರದಲ್ಲಿ ಲೆಕ್ಕ ಹಾಕಿದಂತೆ ಬೀಳುತ್ತಿದ್ದರೆ ಡಿಫ್ರಾಸ್ಟ್ ಹೀಟರ್‌ಗೆ ತೇವ ನುಗ್ಗಿರುವ ಅನುಮಾನ ಬಲವಾಗುತ್ತದೆ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಫ್ರಿಜ್ ಓಡಿಸುವುದು ಪ್ರಾಣದ ಜೊತೆ ಆಟ.

ಈಗಿನ ಹೆಚ್ಚಿನ ಮನೆಬಳಕೆಯ ಫ್ರಿಜ್‌ಗಳಲ್ಲಿರುವ ತಂಪುಮಾಡುವ ಗ್ಯಾಸ್ ಆರ್600ಎ, ಅಂದರೆ ಐಸೊಬ್ಯುಟೇನ್. ಅಡುಗೆ ಅನಿಲದ ಬಂಧು, ಹೊತ್ತಿಕೊಳ್ಳುವಂಥದ್ದು, ಗಾಳಿಗಿಂತ ಭಾರ. ಪ್ರಮಾಣ 150 ಗ್ರಾಂ ಒಳಗೇ ಇರುತ್ತದಾದರೂ ಮುಚ್ಚಿದ ಸಣ್ಣ ಅಡುಗೆಮನೆಗೆ ಅದು ಕಡಿಮೆಯೇನಲ್ಲ. ಐಸ್ ಕೆರೆಯುವಾಗ ಒಳಗೋಡೆ ತೂತಾಗಿ ಬುಸ್ ಎಂದರೆ ಸ್ವಿಚ್ ಮುಟ್ಟಬೇಡಿ, ಪ್ಲಗ್ ಕೀಳಬೇಡಿ, ಒಲೆ ಹಚ್ಚಬೇಡಿ. ಕಿಟಕಿ ಬಾಗಿಲು ತೆರೆದು ಹೊರಗೆ ಬಂದು, ಅಡುಗೆಮನೆಯಿಂದ ದೂರದ ಮೇನ್ ಸ್ವಿಚ್ ಆರಿಸಿ. ಗ್ಯಾಸ್ ತುಂಬಿಸುವವರು ಬಂದಾಗ ರೇಟಿಂಗ್ ಪಟ್ಟಿ ತೋರಿಸಿ. ಆರ್600ಎ ಇರುವಲ್ಲಿ ಆರ್134ಎ ಎಂಬ ಬೇರೆ ಗ್ಯಾಸ್ ತುಂಬುತ್ತೇನೆ ಎನ್ನುವವರನ್ನೂ, ಗ್ಯಾಸ್ ಪೂರ್ತಿ ಹೊರಹಾಕದೆ ಪೈಪಿಗೆ ಟಾರ್ಚ್ ಬೆಂಕಿ ಹಿಡಿಯುವವರನ್ನೂ ವಾಪಸ್ ಕಳಿಸಿ.